ಐದುನೂರು ಹೆಚ್ಚು

ಕೊಳ್ಳುವವರು ಬಂದರೆ ಪಂಪಾಪತಿ ಲೇಥಿನ ಹಿಂದೆ ಮರೆಯಾಗುತ್ತಾನೆ.
ಚೌಕಾಶಿ ನನ್ನ ಪಾಲು.
ಡ್ರಾಯಿಂಗ್ ಟೀಚರ್ ನಾನು, ಇಪ್ಪತ್ತು ವರ್ಷ
ಮಕ್ಕಳ ಸೊಟ್ಟ ಮಾವಿನಕಾಯಿಗೆ ಚೆನ್ನಾಗಿದೆ ಅಂದವಳು,
ಒಂದು ಟ್ರೈಲರಿಗೆ ಅನ್ನಲಾರೆನೇ.

ಕೌಲ್ ಬಜಾರಿನ ಶೆಡ್ಡಿನ ಮುಂದೆ ನಿಂತಿತ್ತು ಅದು:
ಗುಜರಿ ಜೀಪಿನ ಅಚ್ಚು, ಲಾರಿಯ ಪಟ್ಟಾ,
ಹರಾಜಿನಲ್ಲಿ ತೂಕಕ್ಕೆ ತಂದ ತಗಡು,
ನನ್ನ ತವರಿನ ಬೀರುವಿನಿಂದ ಕಿತ್ತ ಬಾಗಿಲು,
ಕನ್ನಡಿ ಸಮೇತ.
ಹನ್ನೊಂದು ವರ್ಷ ಹಳ್ಳ, ಕಲ್ಲು, ಜಾಲಿಮುಳ್ಳು
ಯಾಕೆ ಎಂದು ಕೇಳದೆ ಹಾಯ್ದು ಬಂದ ಕತ್ತೆ.
ಸಂಡೂರಿನ ಕೆಂಪು ಧೂಳು ಬಣ್ಣದ ಕೆಳಗಿಳಿದು
ತಾನೇ ಬಣ್ಣವಾಗಿತ್ತು.

ಮೊದಲು ಬಂದವನು ಫೋಟೊ ತೆಗೆದುಕೊಂಡು ಹೋದ.
ಎರಡನೆಯವನು ಎಗ್‌ರೈಸ್ ಗಾಡಿ ಮಾಡ್ತೀನಿ ಅಂದ,
ಕಿಟಕಿ ಇನ್ನೂ ದೊಡ್ಡದಾಗಿ ಕೊಯ್ಯಬೇಕು ಅಂದ.
ಲೇಥಿನ ಸದ್ದು ಒಮ್ಮೆಲೇ ನಿಂತಿತು.
ನಾನು ಬೆಲೆ ಇಪ್ಪತ್ತು ಸಾವಿರ ಏರಿಸಿದೆ.
ಹೋದ.

ಆಮೇಲೆ ಮಸ್ಕಿಯ ಮೌಲಾಸಾಬ,
ಸೂರ್ಯಕಾಂತಿ ಅರಳಿದ ಕಡೆ ಜೇನುಪೆಟ್ಟಿಗೆ ಇಳಿಸುವವನು.
"ವರ್ಷದಾಗ ಎಂಟು ತಿಂಗಳು ಬದುವಿನ ಮ್ಯಾಲೆ ಮಲಗಾವ ರೀ ನಾನು."
ಉಳಿದವರು ಒಳಗೆ ಇಣುಕಿದ್ದರು.
ಇವನು ನೆಲಕ್ಕೆ ಅಂಗಾತ ಬಿದ್ದು ಕೆಳಗೆ ನೋಡಿದ.

ಯಾಕೋ ನಿಜವನ್ನೇ ಹೇಳತೊಡಗಿದೆ.
ಬಾಗಿಲು ಎತ್ತಿ ಮುಚ್ಚಬೇಕು, ಇಲ್ಲದಿದ್ದರೆ ಮುನಿಯುತ್ತದೆ.
ಮಳೆ ಬಂದರೆ ಎಡಮೂಲೆಯಲ್ಲಿ ಮೂರು ಹನಿ,
ಸರಿಯಾಗಿ ತಲೆದಿಂಬಿನ ಮೇಲೆ.
ಒಲೆಗೆ ಬಲಗಣ್ಣು ಕುರುಡು.
ಇಳಿಜಾರಿನಲ್ಲಿ ಬ್ರೇಕಿಗಿಂತ ದೇವರು ಬೇಗ.
ತಲೆಯಾಡಿಸುತ್ತ ಅವನು ಹಿಂಬದಿಗೆ ಹೋದ.
ತಗಡಿನ ಮೇಲೆ ಐದು ಗೆರೆ,
ಮೊಳದುದ್ದ, ಒಂದರ ಪಕ್ಕ ಒಂದು.
"ಇದೇನ್ರಿ ಅಕ್ಕಾರ?"
"ಜಾಲಿ ಗೀರಿದ್ದು" ಅಂದೆ.

ಅದೊಂದೇ ಸುಳ್ಳು.
ದರೋಜಿ ಕೆರೆಯ ಆಚೆ, ಯುಗಾದಿಯ ಮಾರನೆಯ ರಾತ್ರಿ,
ಹೋಳಿಗೆ ಡಬ್ಬಿ ತಲೆಯ ಬಳಿ ಇಟ್ಟು ಮಲಗಿದ್ದೆವು.
ಉಸಿರು ಕೇಳಿಸಿತು,
ಯಾರೋ ಮುದುಕ ಆರಿದ ಬೀಡಿ ಎಳೆದ ಹಾಗೆ.
ಆಮೇಲೆ ತಗಡು ಕೂಗಿತು.
ಪಂಪಾಪತಿ ನನ್ನ ಬಾಯಿ ಮುಚ್ಚಿದ,
ನಾನು ಅವನದು.
ಹಾಗೇ ಬೆಳಗಾಯಿತು.
ಎಷ್ಟು ಸಲ ಬಣ್ಣ ಹೊಡೆದರೂ ಆ ಐದು ಗೆರೆ ಬಿಟ್ಟೇ ಹೊಡೆದ,
ತುಕ್ಕು ಹಿಡಿಯದಂತೆ ಎಣ್ಣೆ ಒರೆಸುತ್ತ.

ಮೌಲಾಸಾಬ ಐದೂ ಬೆರಳು ಗೆರೆಗಳಲ್ಲಿ ಇಟ್ಟ.
"ಜೇನಿನಾವನ ಮುಂದ ಕರಡಿ ಮುಚ್ಚಿಡ್ತೀರೇನ್ರಿ?"
ಬೆಲೆ ಇಳಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ
"ತಡಕೊಂಡೈತಲ್ಲ! ಐದುನೂರು ಹೆಚ್ಚು ಹಿಡೀರಿ" ಅಂದ.
ಲೇಥಿನ ಹಿಂದಿನಿಂದ ಪಂಪಾಪತಿ ಬಂದ,
ಎಣ್ಣೆಯ ಬಾಟಲಿ ಅವನ ಕೈಗಿಟ್ಟ,
ಒಂದು ಮಾತೂ ಆಡದೆ ಒಳಗೆ ಹೋದ.

ಹೊಸದು ಪುಣೆಯಿಂದ ಬಂತು.
ಬಿಳಿ, ಹೆರಿಗೆ ಆಸ್ಪತ್ರೆಯ ಹಾಗೆ.
ಒತ್ತಿದರೆ ಮೆಟ್ಟಿಲು, ಒತ್ತಿದರೆ ಚಾವಣಿ, ಒತ್ತಿದರೆ ತಂಗಾಳಿ.
ಕಿರುಪುಸ್ತಕ ಐದು ಭಾಷೆಯಲ್ಲಿ, ನಮ್ಮದೊಂದು ಬಿಟ್ಟು.
ನನ್ನ ಮೊಣಕಾಲು ಕೇಳಿಯೇ ತಂದದ್ದು, ದೂರುವುದಿಲ್ಲ.
ಮೇ ತಿಂಗಳ ಬಳ್ಳಾರಿಯಲ್ಲಿ ಸಂಜೆಯವರೆಗೂ ಮಜ್ಜಿಗೆ ಹುಳಿಯಾಗಲಿಲ್ಲ.
ಇದಕ್ಕಿಂತ ದೊಡ್ಡ ಪವಾಡ ನಾನು ಕಂಡಿಲ್ಲ.

ಮೊದಲ ರಾತ್ರಿ ಅದೇ ಕೆರೆಯ ಆಚೆ.
ಏನೂ ಕಿರುಗುಟ್ಟಲಿಲ್ಲ.
ಪಂಪಾಪತಿ ಎರಡು ಸಲ ಎದ್ದ,
ಟಾರ್ಚು ಹಿಡಿದು ಸುತ್ತ ನಡೆದ,
ಸರಿಯಾಗಿಯೇ ಇದ್ದ ಒಂದು ಬೋಲ್ಟು ಸಡಿಲಿಸಿ
ಮತ್ತೆ ಬಿಗಿದು ಬಂದು ಮಲಗಿದ.
ನಿದ್ದೆ ಹೋದನೋ ಇಲ್ಲವೋ,
ನಾನು ಕೇಳಲಿಲ್ಲ.
ಕತ್ತಲಲ್ಲೇ ಕೈಚಾಚಿ
ಹೋಳಿಗೆ ಡಬ್ಬಿಯ ಮುಚ್ಚಳ
ಒಂದು ಬೆರಳಷ್ಟು ಓರೆ ಮಾಡಿದೆ.