ಬಲಗೈಯ ಸರದಿ

ಎಡಗೈ ಉಗುರಿಗೆ ಬಣ್ಣ ಹಚ್ಚುವುದು ಸುಲಭ,
ಬಲಗೈ ಮಾಡಿಕೊಡುತ್ತದೆ.
ಬಲಗೈಯ ಸರದಿ ಬಂದಾಗ
ಎಡಗೈ ಒಂದನೇ ಇಯತ್ತೆಯ ಹುಡುಗ:
ಗೆರೆಯ ಹೊರಗೇ ಅವನ ಬಣ್ಣವೆಲ್ಲ.

ಏನೇನು ಮಾಡಿ ನೋಡಿಲ್ಲ.
ಉಗುರಿನ ಸುತ್ತ ವ್ಯಾಸಲೀನು ಸವರಿದೆ.
ಫೆವಿಕಾಲು ಬಳಿದು, ಒಣಗಿಸಿ, ಪೊರೆಯಂತೆ ಸುಲಿದೆ,
ಬಣ್ಣವೂ ಅದರ ಜೊತೆಗೇ ಹೊರಟಿತು.
ಬೇಗ ಒಣಗಲೆಂದು ಐಸು ನೀರಿನಲ್ಲಿ ಬೆರಳದ್ದಿ ಕೂತರೆ
ಆಗಲೇ ಕುಕ್ಕರು, ಆಗಲೇ ಹಾಲಿನವನ ಬೆಲ್ಲು.

ಏಳು ನಲವತ್ತೆರಡರ ಸ್ಲೋ ಲೋಕಲ್, ಹೆಂಗಸರ ಡಬ್ಬಿ.
ಕ್ಲಿಪ್ಪು, ಓಲೆ, ಟಿಕಲಿಗಳ ಹಲಗೆ ಹೊತ್ತು
ಮುಲುಂಡಿನಲ್ಲಿ ಹತ್ತುತ್ತಾಳೆ ದ್ವಾರಕಾಬಾಯಿ.
ಗಿರಾಕಿಯ ಐದೂ ಉಗುರು
ಭಾಂಡುಪ ಬಿಟ್ಟು ಘಾಟಕೋಪರ ಬರುವುದರೊಳಗೆ
ಮುಗಿಸುತ್ತಾಳೆ, ಹನಿ ಚೆಲ್ಲದೆ.

ಹೇಗೆ? ಅಂದೆ.
ಬ್ರಷ್ಷು ಅಲ್ಲಾಡಿಸಬೇಡ, ಅದು ನಿಂತಿರಲಿ,
ಬೆರಳು ಹಿಂದಕ್ಕೆಳಕೋ.
ನಡುವೆ ಒಂದು, ಆಚೆ ಒಂದು, ಈಚೆ ಒಂದು.
ನಾಲ್ಕನೆಯದು ದುರಾಸೆ.
ಗಾಡಿ ಓಡುವಾಗ ಹಚ್ಚು, ನಿಲ್ಲುವಾಗ ಕೈ ಎತ್ತು.
ಎಲ್ಲ ಒಟ್ಟಿಗೇ ನಡುಗಿದರೆ
ಅದು ನಡುಗಿದ ಹಾಗಲ್ಲ, ಬಾಯಿ.

ಆ ವರ್ಷ ಚುನಾವಣೆ ಡ್ಯೂಟಿ.
ಯಾರದೋ ಶಾಲೆಯ ಗಿಡ್ಡ ಬೆಂಚು, ನನ್ನ ಪಾಲಿಗೆ ಶಾಯಿ.
ಮೈಸೂರಿನದಂತೆ. ಮೂಸಿ ನೋಡಿದೆ,
ಮಲ್ಲಿಗೆ ಏನಿಲ್ಲ.
ಉಗುರಿಗೂ ತಾಗಬೇಕು, ಚರ್ಮಕ್ಕೂ ತಾಗಬೇಕು;
ಇಲ್ಲಿ ಗೆರೆ ದಾಟುವುದೇ ಕಾನೂನು.

ಮೀನು ಸೀಳಿ ಸೀಳಿ ಉಗುರು ಸವೆದ ಕೋಳಿ ಅಜ್ಜಿ.
ನಿನ್ನೆಯಷ್ಟೇ ಪಾರ್ಲರಿಗೆ ಮುನ್ನೂರು ತೆತ್ತ ಹುಡುಗಿ:
ಪಕ್ಕಕ್ಕೆ ಹಚ್ಚಿ ಮೇಡಂ, ಬಣ್ಣದ ಮೇಲೆ ಬೇಡ.
ಗ್ಯಾರೇಜಿನ ಹುಡುಗನ ಗ್ರೀಸಿನಲ್ಲಿ
ನನ್ನ ಶಾಯಿ ಎಲ್ಲೋ ಕಳೆದೇಹೋಯಿತು.
ಬೆರಳು ಎಳಕೊಳ್ಳಿ, ಎಳಕೊಳ್ಳಿ, ಅನ್ನುತ್ತ
ಏಳುನೂರು ದಾಟಿಸಿದೆ.

ಮೂರು ಗಂಟೆಗೆ ದ್ವಾರಕಾಬಾಯಿ.
ಹಲಗೆ ಇಲ್ಲದೆ ಸಣ್ಣಗಾಗಿದ್ದಳು.
ಚಾಚಿದ ಕೈ ನೋಡಿದೆ, ಇನ್ನೊಂದನ್ನೂ ನೋಡಿದೆ:
ಹತ್ತರಲ್ಲಿ ಒಂದಕ್ಕೂ ಬಣ್ಣವಿಲ್ಲ.
ನಾನು ಬಾಯಿ ತೆರೆಯುವ ಮೊದಲೇ
ಬೆರಳು ಹಿಂದಕ್ಕೆಳೆದುಕೊಂಡಳು. ಒಂದೇ ಗೆರೆ.
ಬಂತಲ್ಲ ನಿನಗೆ, ಅಂದಳು,
ಪರದೆಯ ಹಿಂದೆ ಹೋದಳು.

ರಾತ್ರಿ ನಲ್ಲಿಯ ಕೆಳಗೆ ನೋಡಿಕೊಂಡೆ.
ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು
ಗೆಣ್ಣಿನವರೆಗೂ ನೇರಳೆ.
ಸೋಪು, ನಿಂಬೆ, ರಿಮೂವರು, ಯಾವುದಕ್ಕೂ ಜಗ್ಗಲಿಲ್ಲ.
ಉಗುರು ತಾನೇ ಬೆಳೆದು ಅದನ್ನು ತುದಿಗೆ ನೂಕುವವರೆಗೆ
ಎರಡು ತಿಂಗಳು.

ಅಂಚೆಯಲ್ಲಿ ಓಟು ಹಾಕಿದವಳ
ಎಡಗೈ ಮಾತ್ರ ಖಾಲಿ.