ಒಳಮುಖ

ಹಾರ್ನ್ ಸತ್ತಿದೆ ನೋಡು ಮೋನೇ, ಅಂದರು ಬೊಳ್ಳಮ್ಮ
ಮಾರುತಿಯ ಬಾಗಿಲು ತೆರೆದಿಟ್ಟೇ ಇಳಿದು.
ನೆಲ್ಯಹುದಿಕೇರಿ ಸೇತುವೆಯಿಂದ ಇಲ್ಲಿತನಕ
ಒತ್ತಿಕೊಂಡೇ ಬಂದೆ. ಸುಖವಿಲ್ಲ.
ಸಂತೆಯ ಜನ ಯಾಕೋ
ತಿರುಗಿ ತಿರುಗಿ ನೋಡುತ್ತಿದ್ದರು.

ನಾನು ಕೂತು ಒತ್ತಿದೆ.
ಎದುರಿನ ಕೋಳಿ ಅಂಗಡಿಯ ತಗಡಿನ ಮೇಲಿಂದ
ಅಷ್ಟೂ ಕಾಗೆ ಎದ್ದವು.
ಸಜೀರನ ಕೈಯ ಸ್ಪ್ಯಾನರ್ ಜಾರಿತು.
ಬೊಳ್ಳಮ್ಮ ಮಾತ್ರ ಬಾನೆಟ್ಟಿಗೆ ಬಗ್ಗಿ,
ಕೈಯಾಡಿಸಿ,
ಹ್ಞೂಂ, ಈಗ ಒತ್ತು, ಅಂದರು.

ಕುಶಾಲನಗರದ ಕಾಫಿ ಕ್ಯೂರಿಂಗಿನಲ್ಲಿ ಮೂವತ್ತೊಂದು ವರ್ಷ
ಹೊಟ್ಟು ಬಿಡಿಸುವ ಮೆಷಿನ್ನಿನ ಪಕ್ಕದ ಮೇಜು ಅವರದು.
ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಬೋರ್ಡಿತ್ತಂತೆ.
ಹತ್ತಿ ಇರಲಿಲ್ಲವಂತೆ.
ಮೆಷಿನ್ನು ಕಾಳಿನ ಸಿಪ್ಪೆಯ ಜೊತೆಗೇ
ತೆಳು ಸದ್ದುಗಳನ್ನೂ ಸುಲಿದು ಊದಿಬಿಡುತ್ತದೆ.
ವಯಸ್ಸಾದ ನನ್ನ ಉಮ್ಮನಿಗೂ ಹೀಗೇ,
ಕುಕ್ಕರಿನ ಸೀಟಿ ಕೇಳದು,
ಕಂಬದ ಟ್ರಾನ್ಸ್‌ಫಾರ್ಮರಿನ ಗುಂಯ್‌ಗೆ ನಿದ್ದೆ ಬಾರದು.

ಹೋಗಿದೆ ಅಕ್ಕ, ಅಂದೆ.
ಯಾವುದು ಅಂತ ಹೇಳಲಿಲ್ಲ.

ಹಳೆಯದನ್ನು ಬಿಚ್ಚಲಿಲ್ಲ. ಅದು ಊರಿಗೆ.
ಗುಜರಿಗೆ ಬಂದ ಮೆಟಡೋರಿನದೊಂದು ಲೋ ಟೋನ್,
ಬಸವನಹುಳುವಿನಂತೆ ಸುತ್ತಿಕೊಂಡದ್ದು,
ಎರಡು ವರ್ಷದಿಂದ ಶೆಲ್ಫಿನಲ್ಲಿ ಧೂಳು ತಿನ್ನುತ್ತಿತ್ತು.
ಎರಡರ ಭಾರ ಹಳೇ ವೈರಿಗೇ ಹೊರಿಸಿದರೆ
ಸ್ಟೀರಿಂಗಿನ ಗುಂಡಿ ಸುಟ್ಟೀತು,
ಅದಕ್ಕೆ ನಡುವೆ ರಿಲೇ.
ಗುಂಡಿಯದು ಬರೀ ಕಣ್ಸನ್ನೆ,
ಹೊರುವುದು ಬ್ಯಾಟರಿಯಿಂದ ನೇರ ಬಂದ ದಪ್ಪ ಕೆಂಪು ವೈರು.
ಮೂವತ್ತಕ್ಕೆ ಅದು, ಮಧ್ಯೆ ಹದಿನೈದರ ಫ್ಯೂಸು ಮರೆಯಬೇಡ ಸಜೀರ್,
ಎಂಬತ್ತಾರಕ್ಕೆ ಹಳೇ ಹಾರ್ನಿನ ವೈರಿನಿಂದ ಒಂದು ಕವಲು,
ಎಂಬತ್ತೇಳು ಹೊಸಬನಿಗೆ,
ಎಂಬತ್ತೈದು ಅರ್ಥ್‌ಗೆ.
ಬಣ್ಣ ಕೆರೆದು, ಬೆಳ್ಳಗೆ ತಗಡು ಕಾಣುವತನಕ ಉಜ್ಜು.
ನನ್ನ ಮೇಸ್ತ್ರಿ ಕುಂಞಿಪ್ಪ ಬೀಡಿ ಕಚ್ಚಿಕೊಂಡೇ ಹೇಳುತ್ತಿದ್ದ:
ಅರ್ಥ ಗಟ್ಟಿ ಕೂರದಿದ್ದರೆ
ಶಬ್ದ ಹೊರಡುವುದಿಲ್ಲ.
ಅರ್ಥ್ ಅನ್ನಲು ಅವನಿಗೆ ನಾಲಗೆ ಹೊರಳುತ್ತಿರಲಿಲ್ಲ, ಅಷ್ಟೆ.

ಎಲ್ಲಾ ಹಾರ್ನೂ ರಸ್ತೆಗೆ ಮುಖ.
ಇದನ್ನು ಡ್ಯಾಶಿನ ಅಡಿ
ಅವರ ಮೊಣಕಾಲಿನತ್ತ ಬಾಯಿ ಮಾಡಿ ಕಟ್ಟಿದೆ.

ಒತ್ತಿ ಅಕ್ಕ.
ರಿಲೇ ಟಿಕ್ ಅಂದದ್ದು ನನ್ನ ಬೆರಳಿಗೆ.
ಆಮೇಲಿನದು ಅವರಿಗೆ.
ಸ್ಟೀರಿಂಗಿನ ಮೇಲಿಂದ ಕೈ ಎಗರಿತು,
ಕನ್ನಡಕ ಸರಿಮಾಡಿಕೊಂಡರು, ಮತ್ತೆ ಒತ್ತಿದರು,
ಮತ್ತೆ,
ಎಮ್ಮೆ ಕರೆದಂಗಿದೆ, ಅಂತ ನಕ್ಕರು.

ರಿಲೇ ನೂರೈವತ್ತು, ವೈರು ಎಂಬತ್ತು, ಹಾರ್ನಿಗೆ ಕೊಟ್ಟಷ್ಟು.
ಎಣಿಸಿ ಕೊಟ್ಟು, ಚಿಲ್ಲರೆ ಬೇಡವೆಂದು, ಕೇಳಿದರು:
ಒಳಗೆ ಯಾಕೆ ಕಟ್ಟಿದೆ?
ಹೊರಗೆ ನೀರು ಬೀಳತ್ತೆ ಅಕ್ಕ.
ಬೀಳತ್ತೆ, ಬೀಳತ್ತೆ, ಅಂದರು
ನನ್ನನ್ನೇ ನೋಡುತ್ತ.

ಮಾಲ್ದಾರೆ ತಿರುವಿನಲ್ಲಿ ಆನೆ ನಿಂತಿದ್ದರೆ ಮಾತ್ರ ಒತ್ತಬೇಡಿ,
ಅಂದೆ, ತುಸು ಜೋರಾಗಿ.

ಆನೆ ನಂಗೆ ಮೊದಲೇ ಗೊತ್ತಾಗತ್ತೆ.
ತೋಟದೊಳಗೆ, ಕಣ್ಣಿಗೆ ಬೀಳೋ ಮುಂಚೆ,
ಹೊಟ್ಟೆಯಿಂದ ಗುಡುಗತ್ತಲ್ಲ, ಅದು.
ನಿಂಗೆ ಕೇಳಲ್ವಾ?

ಬಸ್‌ಸ್ಟ್ಯಾಂಡಿನ ತನಕ, ಕಾರಣವಿಲ್ಲದೆ,
ಒತ್ತುತ್ತಲೇ ಹೋದರು.
ಮೇಲೆ ಹಳೆಯದರ ಕೀರಲು,
ಅದರಡಿಗೆ ಈ ಗುಟುರು.

ಸಂಜೆ ಶಟರ್ ಅರ್ಧ ಎಳೆದು ನಿಂತೆ,
ಸಿಲ್ವರ್ ಓಕುಗಳ ಕಡೆ ತಿರುಗಿ.
ಏನು ಇಕ್ಕಾ, ಅಂದ ಸಜೀರ್.
ಮಾತಾಡಬೇಡ, ಅಂದೆ.
ಲಾರಿಯೊಂದು ಏರಿನಲ್ಲಿ ಗೇರು ಬದಲಿಸಿತು.
ಎದುರಿನವ ಉಳಿದ ಕೋಳಿಗಳನ್ನು ಎಣಿಸಿ ಒಳಗೆ ಹಾಕಿದ.
ನನಗೆ ಕೇಳಿದ್ದು ಅಷ್ಟೇ.