ಮೂವತ್ತಾರನೆಯ ಚೌಕ

ವಾನಾದ್ಜೋರಿನಲ್ಲಿ, ಆರನೇ ಮಹಡಿಯ ಮನೆಯಲ್ಲಿ
ಹಾಸಿಗೆಯ ಹೊದಿಕೆಯೇ ನಮಗೆ ಬೆಳ್ಳಿತೆರೆ.
ಎರಡು ಮೂಲೆಗೆ ಮೊಳೆ, ಮೂರನೆಯದಕ್ಕೆ ಅಜ್ಜಿಯ ಹೇರ್‌ಪಿನ್ನು.
ನಡುವೆ ಒಂದು ತೇಪೆ. ಯಾವ ಕಥೆ ಬಂದರೂ
ಯಾರದಾದರೂ ಕೆನ್ನೆಯ ಮೇಲೆ ಅದು ಬೀಳುತ್ತಿತ್ತು:
ರಾಜನ ಕೆನ್ನೆ, ಕಪ್ಪೆಯ ಕೆನ್ನೆ, ಒಮ್ಮೆ ಚಂದ್ರನದೂ.

ಚಿತ್ರ ಚಲಿಸುತ್ತಿರಲಿಲ್ಲ, ಕೇಳಿ.
ಈಗಿನ ಮಕ್ಕಳಿಗೆ ಇದನ್ನು ಹೇಳುವುದೇ ಕಷ್ಟ.
ಹೆಬ್ಬೆಟ್ಟಿನಷ್ಟು ಡಬ್ಬಿ, ಡಬ್ಬಿಯೊಳಗೆ ಸುರುಳಿ,
ಸುರುಳಿಯಲ್ಲಿ ನಿಂತೇ ಇರುವ ಚೌಕಗಳು.
ಅಪ್ಪ ಗುಂಡಿ ತಿರುವಿದರೆ, ಟಕ್,
ಆಡು ಬೆಟ್ಟದ ಬುಡದಲ್ಲಿ.
ಟಕ್,
ಆಡು ಬೆಟ್ಟದ ನೆತ್ತಿಯಲ್ಲಿ.
ನಡುವಿನ ಏರನ್ನೆಲ್ಲ ನಾವೇ ಹತ್ತಬೇಕು.

ಅದು ಅಂಚೆಯ ಆಡು. ಕೊರಳಲ್ಲಿ ಚೀಲ, ಚೀಲದಲ್ಲಿ ಒಂದೇ ಕಾಗದ.
ಚಿತ್ರದ ಕೆಳಗೆ ರಷ್ಯನ್ ಅಕ್ಷರ;
ಅಪ್ಪನ ಬಾಯಲ್ಲಿ ಅದು ನಮ್ಮ ಮಾತಾಗುವಷ್ಟರಲ್ಲಿ
ಉಪ್ಪು ಖಾರ ಕೊಂಚ ಹೆಚ್ಚಿರುತ್ತಿತ್ತು.

ತಂದ ಮೊದಲ ರಾತ್ರಿಯೇ ತಮ್ಮ ಮ್ಹೇರ್,
ಐದು ವರ್ಷದವನು, ನಾನೇ ತಿರುಗಿಸುತ್ತೇನೆಂದು ಹಟ ಹಿಡಿದ.
ಆಡು ಮನೆ ಮುಟ್ಟಿತ್ತು, ಗೊರಸೆತ್ತಿ ಬಾಗಿಲು ಬಡಿದಿತ್ತು.
ಮುಂದಿನ ಚೌಕ ಅರ್ಧದಲ್ಲೇ ಸಿಕ್ಕಿಕೊಂಡಿತು:
ಅರ್ಧ ಬಾಗಿಲು, ಅರ್ಧ ಕತ್ತಲೆ.
ನೋಡನೋಡುತ್ತ ಕತ್ತಲೆಯ ನಡುವೆ ಕಂದು ಹೂವೊಂದು ಅರಳಿತು,
ಅಂಚಿಗೆ ಗುಳ್ಳೆ, ಸುಟ್ಟ ಉಗುರಿನ ನಾತ.
ಮಂಚದಡಿ ಹೊಕ್ಕ ಮ್ಹೇರ್
ಊಟಕ್ಕೂ ಬರಲಿಲ್ಲ.

ಆಮೇಲೆ ಆ ಚಳಿಗಾಲಗಳು.
ದಿನಕ್ಕೊಂದು ಗಂಟೆ ಕರೆಂಟು, ಅದೂ ನಡುರಾತ್ರಿ;
ಅಜ್ಜಿ ಎದ್ದು ಆ ಗಂಟೆಯಲ್ಲೇ ರೊಟ್ಟಿ ಬೇಯಿಸಬೇಕು.
ಒಲೆಗೆ ಮೊದಲು ಕಪಾಟು ಹೋಯಿತು, ಆಮೇಲೆ ನೆಲದ ಹಲಗೆ,
ಆಮೇಲೆ ಪ್ರೊಜೆಕ್ಟರಿನ ಮರದ ಪೆಟ್ಟಿಗೆ.
ಸುರುಳಿಯ ಡಬ್ಬಿ ಮಾತ್ರ ಅಪ್ಪನ ಕೋಟಿನ ಜೇಬಿನಲ್ಲಿ.
ಮೇಣದಬತ್ತಿಯ ಮುಂದೆ ಗೇಣು ದೂರ ಹಿಡಿದು
ಸರದಿಯಂತೆ ಒಂದೊಂದು ಕಣ್ಣು: ನನ್ನದು, ಮ್ಹೇರ್‌ನದು,
ಕೆಳಗಿನ ಮನೆಯ ಶೋಘೆರ್‌ಳದು, ಅವಳಿಗೆ ಎರಡು ಸಲ,
ಅವರ ಮನೆಯಲ್ಲಿ ಬತ್ತಿಯೂ ಇರಲಿಲ್ಲ.

ಬಾಗಿಲು ಬಂದಾಗ ಅಪ್ಪ ಕೆಮ್ಮಿ
ಸುಟ್ಟ ತುದಿಯನ್ನು ಬೆರಳಲ್ಲಿ ಮುಚ್ಚುತ್ತಿದ್ದ.
ಯಾರು ತೆರೆದರು?
ಒಂದು ರಾತ್ರಿ ಕಿವುಡು ಕರಡಿ.
ಒಂದು ರಾತ್ರಿ ಆಡಿನ ಸ್ವಂತ ಅಜ್ಜಿ, ಸತ್ತಳೆಂದೇ ಎಲ್ಲರೂ ತಿಳಿದವಳು.
ಜನವರಿಯ ಕೊನೆಗೆ, ಬೇರೇನೂ ಹೊಳೆಯದೆ,
ನಮ್ಮ ಬೀದಿಯ ಲೈನ್‌ಮನ್ ವರಾಜ್‌ದಾತ್,
ಕೈಯಲ್ಲಿ ಉರಿಯುವ ಬಲ್ಬು, ತಂತಿಯೇ ಇಲ್ಲದೆ.
ಅಂದು ಅಜ್ಜಿ ಹಲ್ಲುಸೆಟ್ಟು ಅಂಗೈಯಲ್ಲಿ ಹಿಡಿದು ನಕ್ಕಳು.

ಹೋದ ಭಾನುವಾರ ಯೆರೆವಾನಿನ ಹಳೆ ಸಾಮಾನಿನ ಸಂತೆ.
ಪದಕ, ಬೀಗ, ಗೊಂಬೆಯ ತಲೆಗಳ ನಡುವೆ
ಅದೇ ಹಳದಿ ಮುಚ್ಚಳ. ಐನೂರು ದ್ರಾಮ್.
ಚೌಕಾಸಿ ಮಾಡಲಿಲ್ಲ.
ಅಲ್ಲೇ ನಿಂತು ಬಿಸಿಲಿಗೆ ಹಿಡಿದೆ.
ಮೂವತ್ತೈದು: ಬಾಗಿಲು.
ಮೂವತ್ತಾರು: ಬರೀ ಕಪ್ಪು, ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ
ಮುಗಿಯಿತು.
ಯಾರೂ ತೆರೆಯುವುದಿಲ್ಲ. ಅಷ್ಟೇ ಇದ್ದದ್ದು.

ರೋಸ್ತೋವಿನ ದಾರಿಯಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಮ್ಹೇರ್‌ಗೆ
ಫೋನು ಮಾಡಿ ಹೇಳಿದೆ:
ನೀನು ಸುಟ್ಟದ್ದು ಒಂದು ಪದ ಕಣೋ, ಒಂದೇ ಪದ.

ಬಹಳ ಹೊತ್ತು ವೈಪರಿನ ಸದ್ದು.
ಆಮೇಲೆ, ಅದೇ ಐದರ ಹಟದಲ್ಲಿ:
ಸುಳ್ಳು. ಕರಡಿ ಇತ್ತು.
ನಾನು ನೋಡಿದ್ದೇನೆ.